ಮಾವ ತಿರುಗಿಸಿದ ನೌಕೆ

ಬೆಳಿಗ್ಗೆ ಎದ್ದು ಅಡುಗೆ ಕಸದ ಬ್ರೌನ್ ಬಿನ್ ಗೇಟಿನಾಚೆ ಇಟ್ಟೆ. ದೋಸೆ ಹಿಟ್ಟು ಹುದುಗಿದೆಯೋ ಎಂದು ಹಾಟ್ ಪ್ರೆಸ್ಸಿನ ಬಾಗಿಲು ತೆಗೆದು ನೋಡಿದೆ. ಇಲ್ಲಿ ಡಬ್ಲಿನ್ನಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕಿರುವ ಈ ಕಪಾಟು ಟವೆಲ್ ಬೆಚ್ಚಗಿಡಲಿಕ್ಕಂತೆ. ನಮ್ಮಂಥವರ ಪಾಲಿಗೆ ಅದು ಹಿಟ್ಟಿನ ಬಾಣಂತಿ ಕೋಣೆ. ಹುದುಗಿರಲಿಲ್ಲ. ಬಟ್ಟೆ ಹೊರಗೆ ಒಣಹಾಕಿದೆ, ಮಳೆ ಬಂತು, ಒಳಗೆ ತಂದೆ. ಬಿಸಿಲು ಬಂತು, ಹೊರಗೆ ಹಾಕಿದೆ, ಮತ್ತೆ ಮಳೆ. ಕ್ಲಿನಿಕ್ಕಿಗೆ ಫೋನ್ ಮಾಡಿ, ಅವರು ಹಾಕಿದ ಸಂಗೀತ ಕೇಳುತ್ತಲೇ ಸಾರಿಗೆ ಒಗ್ಗರಣೆ ಕೊಟ್ಟೆ; ಫೋನು ತಾನಾಗೇ ಕಟ್ಟಾದ ಮೇಲೆ ಊಟ ಮಾಡಿದೆ. ಮಧ್ಯಾಹ್ನ ಬಸ್ಸು ಹತ್ತಿ ಶಾಪಿಂಗ್ ಸೆಂಟರಿಗೆ ಹೋಗಿ, ನನ್ನ ಗಂಡ ಮೋಹನ ತನಗೆ ಸರಿಹೋಗುತ್ತದೆ ಎಂದು ಹಟ ಹಿಡಿದು ಕೊಂಡಿದ್ದ ಜಾಕೆಟ್ಟನ್ನು ವಾಪಸ್ ಕೊಟ್ಟು ಬಂದೆ.

ಬರುವಾಗ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸೊಬ್ಬಳು ಆ ಪುಸ್ತಕ ಓದುತ್ತಿದ್ದಳು. ಕಪ್ಪು ಮುಖಪುಟ, ಮಧ್ಯದಲ್ಲೊಂದು ಬಿಳಿ ಚುಕ್ಕೆ. ಪುಟ ತಿರುವುತ್ತಾ ಮುಗುಳ್ನಗುತ್ತಿದ್ದಳು. ನನಗೆ ರೇಗಿಹೋಯಿತು. ಪಾಪ, ಅವಳದೇನು ತಪ್ಪು? ಆದರೆ ಕೆಲವು ಪುಸ್ತಕಗಳಿರುತ್ತವೆ, ಕಂಡರೆ ಸಾಕು, ಹಳೇ ಬಾಡಿಗೆ ಮನೆಯ ಓನರ್ ರಸ್ತೆಯಲ್ಲಿ ಎದುರಾದ ಹಾಗಾಗುತ್ತದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಮೇಲೆ ಜಗಳಕ್ಕೆ ಬರುತ್ತೀರಿ, ಇನ್ನರ್ಧ ಜನ ಆ ಮೊದಲರ್ಧದ ಮೇಲೆ. ನಾನು ಒಂದಿಡೀ ಚಳಿಗಾಲ ಆ ಜಗಳವನ್ನೇ ನೋಡಿದವಳು.

ಕೋವಿಡ್ ಬಂದು, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಎಂಬ ನಿಯಮವಿದ್ದ ಕಾಲ ಅದು. ಅದಕ್ಕೂ ಮುಂಚೆ ನಾವೊಂದಷ್ಟು ಕನ್ನಡದವರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಹೆಸರಿಗೆ ಓದುಗರ ಬಳಗ. ನಿಜವಾಗಿ ಬಿಸಿಬೇಳೆಬಾತಿನ ಬಳಗ. ಪುಸ್ತಕದ ಮಾತು ಪಾಯಸ ಬರುವವರೆಗೆ ಮಾತ್ರ. ಲಾಕ್‌ಡೌನ್ ಬಂದು ಎಲ್ಲರೂ ಪರದೆಯ ಮೇಲಿನ ಚೌಕಗಳಾದಾಗ ತಿನ್ನುವುದು ನಿಂತುಹೋಯಿತು, ಓದಲೇಬೇಕಾದ ಪರಿಸ್ಥಿತಿ ಬಂತು. ಮೇನೂತ್ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಮಾಡುತ್ತಿದ್ದ ಪೂಜಾ ಈ ಪುಸ್ತಕ ಸೂಚಿಸಿದಳು. "ಆಂಟಿ, ಎಲ್ಲಾ ಕಡೆ ಇದೇ ಮಾತು. ವಿಜ್ಞಾನ ಎಲ್ಲಾ ಕರೆಕ್ಟಾಗಿದೆಯಂತೆ, ಒಂದು ಸ್ಕ್ರೂ ಕೂಡ ಸುಳ್ಳಿಲ್ಲವಂತೆ."

ಸೂಪರ್‌ಮಾರ್ಕೆಟ್ಟಿನಲ್ಲಿ ಪುಸ್ತಕದ ಕಪಾಟಿಗೆ ಟೇಪು ಸುತ್ತಿ, ಇವು ಅಗತ್ಯ ವಸ್ತುಗಳಲ್ಲ ಎಂದು ಚೀಟಿ ಅಂಟಿಸಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಶಾಲಿನಿ ಎಲ್ಲಿಂದಲೋ ಒಂದು ಪ್ರತಿ ಹೊಂದಿಸಿ, ನಮ್ಮ ಗೇಟಿನ ಮೇಲಿಟ್ಟು, ಎರಡು ಮಾರು ಹಿಂದೆ ನಿಂತು ಕೈಬೀಸಿ ಹೋದಳು. ನಾನು ಸ್ಯಾನಿಟೈಸರ್ ಹಾಕಿ ಮುಖಪುಟ ಒರೆಸಿದೆ. "ಒಳಗಿನ ಪುಟ?" ಎಂದ ಮೋಹನ. ಒಳಗಿನ ಪುಟ ನೀವೇ ಒರೆಸಿಕೊಳ್ಳಿ ಎಂದೆ. ಒರೆಸಿಯೇ ಬಿಟ್ಟ. ಪುಸ್ತಕ ಉಬ್ಬಿ, ತಿಂಗಳುಗಟ್ಟಲೆ ಆಸ್ಪತ್ರೆ ವಾಸನೆ ಬರುತ್ತಿತ್ತು.

ಕಥೆ ಇಷ್ಟೇ. ಬಾಹ್ಯಾಕಾಶದ ದೂರದ ಒಂದು ಬಂಡೆಯ ಮೇಲೊಂದು ಪುಟ್ಟ ಠಾಣೆ. ಒಬ್ಬ ಹುಡುಗಿ ಮತ್ತು ಅವಳ ಜೊತೆಗಾರ ಅಲ್ಲಿಂದ ಒಂದು ಯಂತ್ರದ ಭಾಗ ತರಲು ಹೋಗಿದ್ದಾರೆ. ಇನ್ನೆಲ್ಲೋ ನೆಲದಡಿ ಬದುಕುತ್ತಿರುವ ಜನರಿಗೆ ಗಾಳಿ ಶುದ್ಧ ಮಾಡುವ ಯಂತ್ರ ಅದಿಲ್ಲದೆ ನಡೆಯುವುದಿಲ್ಲ. ಜೊತೆಗಾರನಿಗೆ ಅಪಘಾತವಾಗಿ ಅವನು ಠಾಣೆಯಲ್ಲೇ ಉಳಿಯುತ್ತಾನೆ, ಇವಳು ನೌಕೆಯಲ್ಲಿ ಹೊರಟಾಗಿದೆ. ಅವನ ದನಿ ರೇಡಿಯೋದಲ್ಲಿ ದಿನದಿನಕ್ಕೆ ತಡವಾಗಿ ತಲುಪುತ್ತದೆ. ಇದರ ಸುತ್ತ ನಾನೂರು ಚಿಲ್ಲರೆ ಪುಟ, ಅದರಲ್ಲಿ ಮುಕ್ಕಾಲು ಪಾಲು ಲೆಕ್ಕ. ನನಗಂತೂ ಕರೆಂಟ್ ಬಿಲ್ಲಿನ ಹಿಂಬದಿ ಓದಿದ ಹಾಗಾಗುತ್ತಿತ್ತು.

ಮೊದಲ ಶನಿವಾರವೇ ಬಳಗ ನಾಲ್ಕು ದಿಕ್ಕಿಗೆ ಹೋಯಿತು. ಡನ್ ಲಿಯರಿಯ ಗಿರೀಶ, ಸಮುದ್ರ ಕಾಣುವ ಕಿಟಕಿಯನ್ನು ಬೇಕೆಂದೇ ಬೆನ್ನಿಗಿಟ್ಟುಕೊಂಡು ಕೂರುವವನು, ಮೂರನೇ ಅಧ್ಯಾಯದಲ್ಲಿ ಎಂಜಿನ್ನಿನ ಶಾಖ ಎಲ್ಲಿಗೆ ಹೋಗುತ್ತದೆ ಎಂದು ಹೇಳಿಲ್ಲ, ಆದ್ದರಿಂದ ಇಡೀ ಪುಸ್ತಕವೇ ಬೊಗಳೆ ಎಂದ. ಮೋಹನ, ಮನುಷ್ಯರು ಮಾತಾಡುವ ಪುಟಗಳನ್ನೆಲ್ಲ ಹಾರಿಸಿ ಬರೀ ಲೆಕ್ಕ ಓದಿದವನು, ಇಷ್ಟು ಒಳ್ಳೆಯ ಪುಸ್ತಕ ತಾನು ಓದಿಯೇ ಇಲ್ಲ ಎಂದ. ಶಾಲಿನಿ, "ಏನ್ರೀ ಇದು, ಆ ಹುಡುಗಿ ಇಷ್ಟು ಪುಟದಲ್ಲಿ ಒಂದು ಸಲಾನೂ ಬಾತ್‌ರೂಮಿಗೆ ಹೋಗಿಲ್ಲ, ನಿದ್ದೆ ಮಾಡಿಲ್ಲ. ನಮ್ಮ ವಾರ್ಡಿನ ಡ್ಯೂಟಿನೇ ವಾಸಿ" ಎಂದಳು. ಪೂಜಾ ಮಾತ್ರ ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದಳು. "ನನಗೆ ತುಂಬಾ ಇಷ್ಟ ಆಯ್ತು" ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಗಿರೀಶ ಶಾಖದ ಮಾತಿಗೆ ಮರಳಿದ್ದ.

ಆಗಲೇ ಮಾವ ಕ್ಯಾಮರಾದ ಮುಂದೆ ಬಂದು ಕೂತದ್ದು.

ನನ್ನ ಮಾವನವರು, ಅಂದರೆ ಮೋಹನನ ಅಪ್ಪ, ಮೈಸೂರಿನಲ್ಲಿ ರೈಲ್ವೆ ವರ್ಕ್‌ಶಾಪಿನ ಆಫೀಸಿನಲ್ಲಿದ್ದು ರಿಟೈರ್ ಆದವರು. ಮೂರು ತಿಂಗಳಿರಲು ಡಬ್ಲಿನ್ನಿಗೆ ಬಂದಿದ್ದರು, ವಿಮಾನಗಳು ನಿಂತು ಇಲ್ಲೇ ಉಳಿದರು. ವೀಸಾ ಮುಂದಕ್ಕೆ ಹೋಗುತ್ತಿತ್ತು, ಅವರ ಮುಖ ಹಿಂದಕ್ಕೆ ಹೋಗುತ್ತಿತ್ತು. ಊರಿನಲ್ಲಿ ಅವರಿಗೊಂದು ಜೋಡಿ ಇತ್ತು. ಹೆಂಡತಿ ಅಲ್ಲ, ನಮ್ಮತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಗಮಕದ ಜೋಡಿ. ಗಮಕ ನಿಮಗೆ ಗೊತ್ತಲ್ಲ, ಒಬ್ಬರು ಕಾವ್ಯದ ಪದ್ಯವನ್ನು ರಾಗವಾಗಿ ವಾಚನ ಮಾಡುವುದು, ಪಕ್ಕದಲ್ಲಿ ಕೂತವರು ಅದರ ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುವುದು. ವಾಚನ ವೆಂಕಟೇಶಯ್ಯನವರದು, ವ್ಯಾಖ್ಯಾನ ಮಾವನದು. ವರ್ಕ್‌ಶಾಪಿನಲ್ಲೂ ಒಂದೇ ಸೆಕ್ಷನ್ನು, ಸಂಜೆಯ ಮಂಟಪದಲ್ಲೂ ಒಂದೇ ಜಮಖಾನ. ಅವರು ಹಾಡದೆ ಇವರು ಮಾತಾಡುವ ಹಾಗಿಲ್ಲ, ಇವರು ಮಾತಾಡದೆ ಅವರು ಮುಂದಿನ ಪದ್ಯಕ್ಕೆ ಹೋಗುವ ಹಾಗಿಲ್ಲ.

"ಏನಮ್ಮಾ ಇದು, ಎಲ್ಲರೂ ಒಟ್ಟಿಗೆ ಕಿರುಚ್ತಾ ಇದ್ದೀರ" ಎಂದರು ಮಾವ. "ಪುಸ್ತಕ ಪೂರ್ತಿ ಓದಿದವರು ಎಷ್ಟು ಜನ?" ಪೂಜಾ ಕೈ ಎತ್ತಿದಳು. ಬೇರೆ ಯಾರೂ ಎತ್ತಲಿಲ್ಲ. "ಹಾಗಾದ್ರೆ ಒಬ್ಬರು ಓದಿ, ಒಬ್ಬರು ಅರ್ಥ ಹೇಳಿ. ಮಿಕ್ಕವರು ಬಾಯಿ ಮುಚ್ಚಿಕೊಂಡು ಕೇಳಿ. ನಮ್ಮಲ್ಲಿ ಹಾಗೇ ತಾನೇ ಮಾಡೋದು?"

ಮಾಡಿದೆವು. ವಾರದ ದಿನಗಳಲ್ಲಿ ಮಾವ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಾಗ ನಾನು ಆ ವಾರದ ಅಧ್ಯಾಯವನ್ನು ಕನ್ನಡದಲ್ಲಿ ಹೇಳುವುದು. ಶನಿವಾರ ನನ್ನ ಮಗಳು ಇಂಚರ ಒಂದೊಂದು ಭಾಗ ಇಂಗ್ಲಿಷಿನಲ್ಲಿ ಓದುವುದು, ಮಾವ ವ್ಯಾಖ್ಯಾನ ಮಾಡುವುದು. ಇಂಚರ ಹುಟ್ಟಿದ್ದು ಇಲ್ಲೇ, ಅವಳ ಇಂಗ್ಲಿಷು ಇಲ್ಲಿನ ಮಳೆಯ ಹಾಗೆ ಓರೆಯಾಗಿ ಬೀಳುತ್ತದೆ. ಅವಳು ಓದಿ ನಿಲ್ಲಿಸಿದ ಕೂಡಲೇ ಮಾವ ಶಾಲು ಸರಿಮಾಡಿಕೊಂಡು, "ಅಂದ್ರೆ ಏನಪ್ಪಾ ಅಂದ್ರೆ..." ಎಂದು ಶುರು ಮಾಡುತ್ತಿದ್ದರು. ಅದೆಷ್ಟು ಚೆನ್ನಾಗಿರುತ್ತಿತ್ತೆಂದರೆ ಗಿರೀಶನ ಹೆಂಡತಿ ಕೂಡ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವನ ಹಿಂದೆ ಬಂದು ನಿಲ್ಲುತ್ತಿದ್ದಳು.

ತೊಂದರೆ ಏನೆಂದರೆ ವ್ಯಾಖ್ಯಾನಕಾರರು ಸುಮ್ಮನಿರುವವರಲ್ಲ. ಪದ್ಯದಲ್ಲಿ ಒಂದು ಹೂವಿದ್ದರೆ ಅವರು ಬಳ್ಳಿ ಹಬ್ಬಿಸುತ್ತಾರೆ, ಚಪ್ಪರ ಹಾಕುತ್ತಾರೆ. ಮಾವ ಆ ನೌಕೆಯಲ್ಲಿ ಒಂದು ಗಿಡ ಇಟ್ಟರು. ಹುಡುಗಿ ಹೊರಡುವಾಗ ಒಂದು ಡಬ್ಬಿಯಲ್ಲಿ ಮಣ್ಣು ಹಾಕಿ ಗಿಡ ನೆಟ್ಟುಕೊಂಡು ಹೊರಟಳಂತೆ, ದಿನಾ ಅದರ ಹತ್ತಿರ ಮಾತಾಡುತ್ತಾಳಂತೆ. ನಾನು ಹೇಳಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಆದರೆ ಮುಂದಿನೆರಡು ವಾರ ಗಿರೀಶ ಮತ್ತು ಮೋಹನ ಆ ಗಿಡ ಕುಡಿಯುವ ನೀರಿನ ಮೇಲೆ ಜಗಳವಾಡಿದರು. ಅಷ್ಟು ನೀರು ನೌಕೆಯಲ್ಲಿಲ್ಲ ಎಂದು ಗಿರೀಶ, ಎಲೆ ಬೆವರಿದ್ದು ಮತ್ತೆ ನೀರಾಗಿ ವಾಪಸ್ ಬರುತ್ತದೆ ಎಂದು ಮೋಹನ. ಗಿರೀಶ ಇಂಟರ್ನೆಟ್ಟಿನಲ್ಲಿ ಗಿಡದ ವಿಷಯವಾಗಿಯೇ ಉದ್ದುದ್ದ ವಿಮರ್ಶೆ ಬರೆದು ಎರಡು ಸ್ಟಾರು ಕೊಟ್ಟ. ಅದರ ಕೆಳಗೆ ಯಾರೋ ಪುಣ್ಯಾತ್ಮರು, ಯಾವ ಗಿಡ ಎಂದು ಕೇಳಿದ್ದರು.

"ಗಿರೀಶ್ ಅಂಕಲ್, ಬುಕ್ಕಲ್ಲಿ ಗಿಡ ಇಲ್ಲ" ಎಂದಳು ಪೂಜಾ ಮೆಲ್ಲಗೆ.

"ಇಲ್ವಾ?" ಎಂದ ಗಿರೀಶ. ಅಷ್ಟಾದರೂ ನಾಚಿಕೆ ಬೇಡವೇ! "ಇದ್ದಿದ್ರೆ ಸಾಯ್ತಿತ್ತು ಅಂತ ನಾನು ಹೇಳ್ತಿರೋದು."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟೆಲ್ಲ ಓದಿದ ಗಂಡಸರು, ತಾವು ಓದದ ಪುಸ್ತಕದಲ್ಲಿ ಇಲ್ಲದ ಗಿಡಕ್ಕೆ ನೀರು ಅಳೆಯುತ್ತಾ ಕೂತಿದ್ದರು. ಆ ಎರಡು ವಾರ ನಮ್ಮ ಹಿತ್ತಲಲ್ಲಿ ನಿಜವಾಗಿ ಇದ್ದ ಪುದೀನಕ್ಕೆ ಒಂದು ಲೋಟ ನೀರು ಹಾಕಿದವರಿಲ್ಲ. ಹಾಕದಿದ್ದರೂ ನಡೆಯುತ್ತಿತ್ತೆನ್ನಿ, ಈ ಊರಿನಲ್ಲಿ.

ಹೀಗಿರುವಾಗ ಮೈಸೂರಿನಿಂದ ಸುದ್ದಿ ಬಂತು. ವೆಂಕಟೇಶಯ್ಯನವರಿಗೆ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದಾರೆ. ಆಮೇಲೆ ಮನೆಗೆ ಬಂದರು ಎಂದೂ ಬಂತು, ಆದರೆ ಶ್ವಾಸಕೋಶ ಸೋತಿದೆ, ಮೂಗಿಗೆ ನಳಿಕೆ ಇಟ್ಟುಕೊಂಡೇ ಇರಬೇಕು. ಮಾವ ಆವತ್ತು ಮಜ್ಜಿಗೆಗೂ ಕಾಯದೆ ಊಟದಿಂದ ಎದ್ದರು. ಕೈ ತೊಳೆದು ಬಂದು, "ಮೋಹನಾ, ನಾನು ಊರಿಗೆ ಹೋಗಿಬರ್ಬೇಕಲ್ಲ" ಎಂದರು.

ಅಷ್ಟು ಹೊತ್ತಿಗೆ ಸುತ್ತಿ ಬಳಸಿ ಹೋಗುವ ವಿಮಾನಗಳು ಅಲ್ಲೊಂದು ಇಲ್ಲೊಂದು ಇದ್ದವು. ಮೋಹನ ಲ್ಯಾಪ್‌ಟಾಪ್ ತೆಗೆದ. ನನ್ನ ಗಂಡ ಕೆಟ್ಟವನಲ್ಲ. ಹೆದರಿದಾಗ ಅವನು ಅಳುವುದಿಲ್ಲ, ಕೂಗುವುದಿಲ್ಲ, ಲೆಕ್ಕ ಹಾಕುತ್ತಾನೆ. ಎಷ್ಟು ಏರ್‌ಪೋರ್ಟು, ಎಷ್ಟು ಹೊತ್ತು ಮಾಸ್ಕು, ಪಕ್ಕದಲ್ಲಿ ಕೂರುವವರು ಎಷ್ಟು ಜನ, ಅಪ್ಪನ ವಯಸ್ಸೆಷ್ಟು, ಹೃದಯಕ್ಕೆ ಹಾಕಿದ ಸ್ಟೆಂಟ್ ಎಷ್ಟು. ಕೊನೆಗೆ ತಲೆ ಎತ್ತಿ, "ಆಗಲ್ಲ ಅಪ್ಪಾ. ರಿಸ್ಕ್ ಜಾಸ್ತಿ ಬರ್ತಿದೆ" ಎಂದ.

"ನಿನ್ನ ಲೆಕ್ಕದಲ್ಲಿ ವೆಂಕಟೇಶ ಎಲ್ಲಿದ್ದಾನೆ?" ಎಂದರು ಮಾವ.

ಮೋಹನ ಲ್ಯಾಪ್‌ಟಾಪ್ ಮುಚ್ಚಿದ. ಮಾವ ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು. ಅಪ್ಪ ಮಗ ಕೂಗಾಡಿ, ನಾನು ಇಬ್ಬರಿಗೂ ಬೈದು, ಕಾಫಿ ಮಾಡಿಕೊಟ್ಟು ಮುಗಿಸುತ್ತಿದ್ದೆ. ಈ ಮನೆಯಲ್ಲಿ ಬೇಕಾದದ್ದನ್ನು ಬೇಕು ಎಂದು ನೇರವಾಗಿ ಹೇಳುವ ಅಭ್ಯಾಸ ಯಾರಿಗೂ ಇಲ್ಲ. ಉಪ್ಪು ಬೇಕಾದರೂ, ಸಾರು ಇವತ್ತು ಒಂಥರಾ ಇದೆಯಲ್ಲ ಎನ್ನುತ್ತಾರೆ.

ಮುಂದಿನ ಅಧ್ಯಾಯ ಯಾವುದೆಂದು ನನಗೆ ಗೊತ್ತಿತ್ತು. ಹೇಳದೆ ತಳ್ಳೋಣವೆಂದು ಎರಡು ದಿನ ಮನೆ ಕ್ಲೀನು ಮಾಡಿದೆ. ಮೂರನೇ ದಿನ ಮಾವ ಬಟಾಣಿ ಸುಲಿಯುತ್ತಾ, "ಏನಮ್ಮಾ, ಆ ಹುಡುಗಿ ಕಥೆ ಎಲ್ಲಿಗೆ ಬಂತು?" ಎಂದರು.

ಜೊತೆಗಾರ ಇನ್ನೂ ಬದುಕಿದ್ದಾನೆ, ಅವನ ಹತ್ತಿರ ಗಾಳಿ ಕಡಿಮೆಯಾಗುತ್ತಿದೆ, ಅವಳಿಗೆ ಅದು ರೇಡಿಯೋದಲ್ಲಿ ಗೊತ್ತಾಗುತ್ತದೆ ಎಂದೆ.

"ಸರಿ, ತಿರುಗಿಸ್ತಾಳೆ."

"ಇಲ್ಲ ಮಾವ. ತಿರುಗಿಸಲ್ಲ."

ಬಟಾಣಿ ಸಿಪ್ಪೆ ಕೈಯಲ್ಲೇ ಉಳಿಯಿತು. "ಯಾಕೆ?"

"ತಿರುಗಿದ್ರೆ ಇಂಧನ ಸಾಲಲ್ಲವಂತೆ. ಆ ನೆಲದಡಿ ಜನರ ಹತ್ತಿರ ಹೋಗಕ್ಕಾಗಲ್ಲವಂತೆ."

"ಯಾರು ಹೇಳಿದ್ದು?"

"ಲೆಕ್ಕ. ಹನ್ನೆರಡು ಪುಟ ಇದೆ ಮಾವ, ನನಗೆ ಅರ್ಥ ಆಗಲ್ಲ."

"ಲೆಕ್ಕ ಹಾಕಿದ್ದು ಯಾರು?"

"ಅವಳೇ."

ಮಾವ ಸುಲಿದ ಬಟಾಣಿಯನ್ನೆಲ್ಲ ಸಿಪ್ಪೆಯ ಬುಟ್ಟಿಗೆ ಹಾಕಿ ಎದ್ದುಹೋದರು. ನಾನು ಕೂತು ಒಂದೊಂದಾಗಿ ಆರಿಸಿದೆ.

ಶನಿವಾರ ಇಂಚರ ಓದಿದಳು. ಆ ಹನ್ನೆರಡು ಪುಟ ಬಿಟ್ಟು, ಹುಡುಗಿ ಸ್ಟೇರಿಂಗ್ ಮುಂದೆ ಕೂತು ರೇಡಿಯೋ ಕೇಳುವ ಭಾಗ ಮಾತ್ರ. ಮಾವ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಶುರು ಮಾಡಿದರು ನೋಡಿ. ಗೆಳೆಯನ ದನಿ ಆ ಕತ್ತಲಲ್ಲಿ ಎಷ್ಟು ದೂರ ನಡೆದು ಬಂದಿತು, ಬರುಬರುತ್ತಾ ಹೇಗೆ ಸವೆಯಿತು, ಅದನ್ನು ಕೇಳಲು ಅವಳು ಹೇಗೆ ರೇಡಿಯೋಗೆ ಕಿವಿ ಒತ್ತಿ ಹಿಡಿದಳು. ಕೊನೆಗೆ, "ಆಗ ಆ ಮಹಾತಾಯಿ ಏನು ಮಾಡಿದಳಪ್ಪಾ ಅಂದ್ರೆ, ಲೆಕ್ಕವನ್ನು ಪಕ್ಕಕ್ಕಿಟ್ಟಳು. ನೌಕೆಯ ಮೂತಿ ಹಿಡಿದು ತಿರುಗಿಸಿದಳು!"

ಶಾಲಿನಿ ಕ್ಯಾಮರಾದ ಮುಂದೆಯೇ ಮೂಗೊರೆಸಿಕೊಂಡಳು. ಗಿರೀಶನ ಹೆಂಡತಿ, "ಹಾಗಿರಬೇಕು!" ಎಂದಳು. ನಾನು ಮೋಹನನ ಮುಖ ನೋಡಿದೆ, ಬೇಡ ಎಂದು ಕಣ್ಣಲ್ಲೇ ಹೇಳಿದೆ. ಕಣ್ಣಿನ ಮಾತು ಆ ಮನುಷ್ಯನಿಗೆ ಯಾವತ್ತು ಅರ್ಥವಾಗಿದೆ?

"ಅಪ್ಪಾ, ಬುಕ್ಕಲ್ಲಿ ಅವಳು ತಿರುಗಲ್ಲ."

"ನನ್ನ ವ್ಯಾಖ್ಯಾನದಲ್ಲಿ ತಿರುಗ್ತಾಳೆ."

"ಸೇರಿಸಬಹುದು, ಬದಲಾಯಿಸಬಾರದು. ಚಿಕ್ಕಂದಿನಿಂದ ನೀವೇ ಹೇಳಿಕೊಟ್ಟಿದ್ದು."

"ಗೆಳೆಯ ಸಾಯ್ತಿದ್ರೆ ಕ್ಯಾಲ್ಕುಲೇಟರ್ ಒತ್ತು ಅಂತ ಹೇಳಿಕೊಟ್ಟಿರಲಿಲ್ಲ ನಾನು!"

ಗಿರೀಶ ಒಬ್ಬನಿಗೆ ಮಾತ್ರ ಇದು ಪುಸ್ತಕದ ಜಗಳವೆಂದೇ ಅನ್ನಿಸಿತ್ತು. "ಇಲ್ಲ ಅಂಕಲ್, ಮೋಹನ ಹೇಳೋದು ಸರಿ, ಇಂಧನ ಸಾಲಲ್ಲ" ಎಂದು ಶುರು ಮಾಡಿದ. ಅವನ ಹೆಂಡತಿ ಹಿಂದಿನಿಂದ ಕೈ ಚಾಚಿ ಮ್ಯೂಟ್ ಒತ್ತಿದಳು. ಅವನ ಬಾಯಿ ಮಾತ್ರ ಆಡುತ್ತಿತ್ತು.

ಆಗ ಪೂಜಾ ಮಾತಾಡಿದಳು. "ಅಂಕಲ್, ನನಗೆ ಈ ಬುಕ್ ಯಾಕೆ ಇಷ್ಟ ಗೊತ್ತಾ? ನಮ್ಮಜ್ಜಿ ಏಪ್ರಿಲ್‌ನಲ್ಲಿ ಹೋಗಿಬಿಟ್ಟರು. ನಾನು ಹೋಗಲಿಲ್ಲ, ಆಗಲಿಲ್ಲ. ಈ ಬುಕ್ಕಲ್ಲಿ ತಿರುಗದೇ ಇರೋಳನ್ನ ಯಾರೂ ಬಯ್ಯಲ್ಲ ಅಂಕಲ್. ಅವನೂ ಬಯ್ಯಲ್ಲ." ಅಷ್ಟು ಹೇಳಿ ಕ್ಯಾಮರಾ ಆಫ್ ಮಾಡಿದಳು. ಆರು ವಾರ ಅವಳು ಪುಸ್ತಕ ಎದೆಗವಚಿಕೊಂಡು ಕೂತಿದ್ದಳು; ಆರು ವಾರ ನಾವು ಶಾಖ, ಗಿಡದ ನೀರು, ಇಂಧನ ಎಂದು ಅಳೆಯುತ್ತಾ ಕೂತಿದ್ದೆವು.

ಆ ವಾರ ನಮ್ಮ ಮನೆ ಹೇಗಿತ್ತೆಂದು ಕೇಳಬೇಡಿ. ಅಪ್ಪ ಅಡುಗೆಮನೆಗೆ ಬಂದರೆ ಮಗ ಹಾಲಿಗೆ, ಮಗ ಹಾಲಿಗೆ ಬಂದರೆ ಅಪ್ಪ ಮಹಡಿಗೆ. ಐದು ಕಿಲೋಮೀಟರಿನೊಳಗೆ ಇರಿ ಎಂದು ಸರ್ಕಾರ ಹೇಳಿದ್ದರೆ ಇವರಿಬ್ಬರು ಮನೆಯೊಳಗೇ ಅಷ್ಟು ದೂರ ಮಾಡಿಕೊಂಡಿದ್ದರು. ಇಬ್ಬರೂ ನನ್ನ ಹತ್ತಿರ ಬಂದು ಇಂಧನದ ಮಾತಾಡುತ್ತಿದ್ದರು. ಒಬ್ಬರಾದರೂ ವೆಂಕಟೇಶಯ್ಯ ಎಂಬ ಹೆಸರೆತ್ತಲಿಲ್ಲ. ಬುಧವಾರ ನಾನೇ ರೇಗಿ, "ಆ ಹುಡುಗಿ ತಿರುಗಲಿ, ಬಿಡಲಿ, ಇವತ್ತು ಬಾತ್‌ರೂಮ್ ತೊಳೆಯೋರು ಯಾರು?" ಎಂದೆ. ಮೋಹನ ತೊಳೆದ. ಮಾವ ಒರೆಸಿದರು. ಬೇರೆ ಬೇರೆ ಹೊತ್ತಿನಲ್ಲಿ.

ಮುಂದಿನ ಶನಿವಾರ ಪರದೆಯ ಮೇಲೆ ಹೊಸದೊಂದು ಚೌಕ ತೆರೆದುಕೊಂಡಿತು. ದಿಂಬು, ದಿಂಬಿನ ಮೇಲೊಂದು ಬೋಳು ತಲೆ, ಮೂಗಿಗೆ ನಳಿಕೆ. ಯಾರಿಗೂ ಹೇಳದೆ ಇಂಚರ ವೆಂಕಟೇಶಯ್ಯನವರ ಮಗಳಿಗೆ ಲಿಂಕ್ ಕಳಿಸಿದ್ದಳು. "ತಾತ ವಾಸ್ ನಾಟ್ ಗ್ರ್ಯಾಂಡ್, ಅಮ್ಮಾ. ಸಮ್‌ಬಡಿ ಹ್ಯಾಡ್ ಟು" ಎಂದಳು ಆಮೇಲೆ. ಗ್ರ್ಯಾಂಡ್ ಎಂದರೆ ಇಲ್ಲಿನವರ ಬಾಯಲ್ಲಿ ಚೆನ್ನಾಗಿರುವುದು. ಮನೆಯಲ್ಲಿ ಕನ್ನಡ ಮಾತಾಡದ ಒಬ್ಬಳಿಗೆ ಮಾತ್ರ ಎಲ್ಲರ ಮಾತೂ ಅರ್ಥವಾಗಿತ್ತು.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಲೋ!" ಎಂದರು.

"ಏನೋ ಅದು..." ವೆಂಕಟೇಶಯ್ಯನವರ ದನಿ. ಮದುವೆ ಮನೆಯಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಕೇಳಿಸುತ್ತಿದ್ದ ದನಿ, ಈಗ ಪ್ರತಿ ಎರಡು ಪದಕ್ಕೊಮ್ಮೆ ಕೂತು ದಣಿವಾರಿಸಿಕೊಳ್ಳುತ್ತಿತ್ತು. "ನಾನಿಲ್ಲದೆ... ಜೋರು ವ್ಯಾಖ್ಯಾನವಂತೆ? ಇಂಗ್ಲಿಷ್ ಹುಡುಗಿ ಕಥೆ... ನನಗೂ ಹೇಳು."

ಮಾವ ಹೇಳಿದರು. ಮೊದಲಿನಿಂದ, ಗಡಿಬಿಡಿಯಲ್ಲಿ, ಗಿಡ ಸಮೇತ. ನೌಕೆ ತಿರುಗುವಲ್ಲಿಗೆ ಬಂದು ನಿಲ್ಲಿಸಿದರು.

"ಮೂಲದಲ್ಲಿ... ತಿರುಗ್ತಾಳೇನೋ?"

ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

"ಕೇಳಿದ್ದಕ್ಕೆ ಹೇಳೋ."

"ಇಲ್ಲ. ತಿರುಗಲ್ಲ."

"ಮತ್ತೆ ನೀನ್ಯಾಕೆ... ತಿರುಗಿಸಿದೆ? ಇಷ್ಟು ವರ್ಷ ನಾನು ಹಾಡಿದ್ದನ್ನ... ಯಾವತ್ತಾದ್ರೂ ಬದಲಾಯಿಸಿದ್ದೀಯಾ?" ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಮಗಳ ಕೈ ಬಂದು ದಿಂಬು ಸರಿಮಾಡಿತು. "ಬಂದಾದ್ರೂ ಏನು ಮಾಡ್ತೀಯೋ... ನನಗೆ ಹಾಡಕ್ಕೆ ಉಸಿರಿಲ್ಲ. ನೀನೊಬ್ಬನೇ ಕೊರೀತಾ ಕೂರ್ತೀಯ. ನಾನು ಎದ್ದು ಓಡಕ್ಕೂ ಆಗಲ್ಲ."

ಮಾವ ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಲೂ ಇದ್ದರು.

"ಬಿಡು ಅವಳನ್ನ, ಹೋಗಲಿ" ಎಂದರು ವೆಂಕಟೇಶಯ್ಯ. "ಆ ಕಡೆ ಕಾಯ್ತಿದ್ದಾರೆ. ಈಗ... ಮೂಲದಲ್ಲಿರೋ ಹಾಗೆ ಹೇಳು. ಕೇಳ್ತೀನಿ."

ಮಾವ ಶಾಲು ಸರಿಮಾಡಿಕೊಂಡರು. ಇಂಚರ ಓದಲು ಹೊರಟಾಗ ತಡೆದು, "ಆ ಲೆಕ್ಕದ ಪುಟಗಳನ್ನ ಓದು ಮಗಳೇ, ಬಿಟ್ಟಿದ್ದನ್ನ" ಎಂದರು. ಅವಳು ಓದಿದಳು. ಅಷ್ಟು ಭಾರ, ಅಷ್ಟು ವೇಗ, ಅಷ್ಟು ಉಳಿಕೆ. ನಾವು ಯಾರೂ ದಾಟಲಾಗದ ಆ ಪುಟಗಳನ್ನು ಮಾವ ಸಾಲುಸಾಲಾಗಿ ಬಿಡಿಸಿದರು. ಅಂಕಿ ಅವರಿಗೂ ಅರ್ಥವಾಗಿರಲಿಲ್ಲ, ನನಗೆ ಗೊತ್ತು. ಆದರೆ ಅವರೆಂದರು: "ಇಲ್ಲಿ ಅವಳು ಒಂದೇ ಲೆಕ್ಕವನ್ನ ಮತ್ತೆ ಮತ್ತೆ ಹಾಕ್ತಾಳೆ. ಉತ್ತರ ಗೊತ್ತಿಲ್ಲದೆ ಅಲ್ಲ. ಬೇರೆ ಉತ್ತರ ಬರಲಿ ಅಂತ. ಪ್ರೀತಿ ಇಲ್ಲದವರು ಒಂದೇ ಸಲ ಹಾಕಿ ಎದ್ದುಹೋಗ್ತಾರೆ."

ಪೂಜಾಳ ಚೌಕ ತೆರೆದುಕೊಂಡಿತು. ಮೋಹನನ ಕುರ್ಚಿ ಖಾಲಿಯಾಗಿತ್ತು. ನೋಡಿದರೆ ಹಿತ್ತಲಲ್ಲಿ, ಮಳೆಯಲ್ಲಿ, ಒಣಹಾಕಿದ ಬಟ್ಟೆಯೂ ಇಲ್ಲದ ಹಗ್ಗದ ಕೆಳಗೆ ಸುಮ್ಮನೆ ನಿಂತಿದ್ದ.

ಒಳಗೆ ಬಂದವನೇ ಲ್ಯಾಪ್‌ಟಾಪ್ ತೆರೆದು ಟಿಕೆಟ್ ಹುಡುಕತೊಡಗಿದ. "ಅಪ್ಪಾ, ಎರಡು ಮಾಸ್ಕು ಹಾಕಿಕೊಂಡು ಹೋಗಬಹುದು. ನಾನೇ ಜೊತೆಗೆ ಬರ್ತೀನಿ. ಹೋಗೋಣ."

"ಬೇಡಪ್ಪ" ಎಂದರು ಮಾವ. "ಅವನು ಬಿಡು ಅಂದ. ಬಿಟ್ಟೆ."

"ಅಲ್ಲ ಅಪ್ಪಾ, ಈಗ ಲೆಕ್ಕ ನೋಡಿದ್ರೆ..."

"ಬೇಡ ಅಂದೆನಲ್ಲ."

ನನಗೆ ಇಬ್ಬರನ್ನೂ ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತು. ಒಬ್ಬರು ಹೋಗಬೇಕೆಂದಾಗ ಇನ್ನೊಬ್ಬನಿಗೆ ಬೇಡ, ಇವನು ಹೋಗೋಣವೆಂದಾಗ ಅವರಿಗೆ ಬೇಡ. ಒಂದೇ ಮನೆ, ಒಂದೇ ರಕ್ತ, ಒಂದು ಸಲವೂ ಒಂದೇ ಹೊತ್ತಿಗೆ ಒಂದು ಮಾತಿಗೆ ಬರುವುದಿಲ್ಲವಲ್ಲ!

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ವೆಂಕಟೇಶಯ್ಯ ಹೋದರು. ಅಲ್ಲಿಯವರೆಗೆ ಪ್ರತಿ ಶನಿವಾರ ಬಂದು ಕೇಳುತ್ತಿದ್ದರು. ಪುಸ್ತಕ ಮುಗಿದ ಮೇಲೂ ಮಾವ ಅವರಿಗೆ ಏನಾದರೂ ಹೇಳುತ್ತಿದ್ದರು: ದಿನಪತ್ರಿಕೆ, ಸೂಪರ್‌ಮಾರ್ಕೆಟ್ಟಿನ ಆಫರ್ ಚೀಟಿ, ಎಲ್ಲಕ್ಕೂ ವ್ಯಾಖ್ಯಾನ. ಸುದ್ದಿ ಬಂದ ದಿನ ಮಾವ ತಲೆಗೆ ನೀರು ಹಾಕಿಕೊಂಡು ಬಂದು, ಒಂದು ಲೋಟ ಕಾಫಿ ಕೇಳಿ ಕುಡಿದು, ಕಿಟಕಿಯ ಹತ್ತಿರ ಕೂತರು. ಮೋಹನ ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವತ್ತು ಮಾತ್ರ ನನಗೆ ಅವರ ಮೌನದ ಮೇಲೆ ರೇಗಲಿಲ್ಲ.

ದಾರಿ ತೆರೆದ ಮೇಲೆ ಮಾವ ಊರಿಗೆ ಹೋದರು. ಈಗ ಅಲ್ಲಿ ನನ್ನ ನಾದಿನಿಯ ಮನೆಯಲ್ಲಿದ್ದಾರೆ. ಗಮಕಕ್ಕೆ ಹೊಸ ಜೋಡಿ ಸಿಕ್ಕಿದೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. "ಏನು ಹಾಡ್ತಾಳಮ್ಮಾ, ಫೋನ್ ರಿಂಗಾದ ಹಾಗೆ" ಎಂದು ನನ್ನ ಹತ್ತಿರ ದೂರುತ್ತಾರೆ. ಅವಳನ್ನು ಬಿಡುವುದೂ ಇಲ್ಲ. ಪೂಜಾ ಕೆಲಸ ಹಿಡಿದು ಇಲ್ಲೇ ಇದ್ದಾಳೆ. ಗಿರೀಶ ಈಗಲೂ ಆ ಪುಸ್ತಕಕ್ಕೆ ಎರಡೇ ಸ್ಟಾರು ಎನ್ನುತ್ತಾನೆ.

ಇವತ್ತು ಸಂಜೆ ಇದನ್ನು ಬರೆಯುತ್ತಾ ಕೂತಾಗ ಒಂದು ಕಡೆ ಅನುಮಾನ ಬಂತು. ಮೋಹನ 'ಕೋಸಂಬರಿ ನಾನು ಮಾಡ್ತೀನಿ' ಎಂದು ಕ್ಯಾರೆಟ್ ತುರಿಯುತ್ತಿದ್ದ. "ರೀ, ಆ ಬುಕ್ಕಲ್ಲಿ ಅವಳಿಗೆ ಇಂಧನ ಎಷ್ಟು ಕಡಿಮೆ ಬೀಳತ್ತೆ?" ಎಂದು ಕೇಳಿದೆ. ಯಾವ ಬುಕ್ಕು ಎಂದು ಕೇಳುತ್ತಾನೆ ಅಂದುಕೊಂಡಿದ್ದೆ.

"ಕಡಿಮೆ ಬೀಳಲ್ಲ" ಎಂದ, ತುರಿಯುವುದನ್ನು ನಿಲ್ಲಿಸದೆ.

"ಏನು?"

"ಖಾಲಿ ಟ್ಯಾಂಕನ್ನ ಮೊದಲೇ ಬಿಚ್ಚಿ ಬಿಟ್ಟಿದ್ರೆ ಭಾರ ಇಳೀತಿತ್ತು. ಕೂದಲೆಳೆ ಅಂತರದಲ್ಲಿ. ಆದ್ರೂ ತಿರುಗಬಹುದಿತ್ತು."

"ಇದು ಯಾವಾಗ ಹಾಕಿದ ಲೆಕ್ಕ?"

"ಆಗಿಂದ ಹಾಕ್ತಾನೇ ಇದ್ದೀನಿ."

ಆ ಹುಡುಗಿಯನ್ನೂ ಅವಳ ಲೆಕ್ಕವನ್ನೂ ಇಷ್ಟು ವರ್ಷ ಬೈದುಕೊಂಡು ಬಂದವಳು ನಾನು. ಆದರೆ ಮೋಹನನ ಬೆನ್ನು ನೋಡುತ್ತಾ ನನ್ನ ಬಾಯಿಂದ ಬಂದದ್ದೇ ಬೇರೆ. "ಇಲ್ಲ ಬಿಡ್ರೀ. ಟ್ಯಾಂಕು ಬಿಚ್ಚಿದ್ರೆ ಆಮೇಲೆ ಆ ಜನರ ಹತ್ತಿರ ನಿಲ್ಲಿಸೋದು ಹೇಗೆ? ಅವಳು ಮಾಡಿದ್ದೇ ಸರಿ."

ಅವನು ತಿರುಗಿ ನನ್ನನ್ನು ನೋಡಿದ. "ನಿನಗೆ ಆ ಪುಟ ಅರ್ಥ ಆಗಿತ್ತಾ?"

"ಇಲ್ಲ" ಎಂದೆ. "ತುರಿದಿದ್ದು ಸಾಕು, ಬೆರಳು ನೋಡಿಕೊಳ್ಳಿ."

ರಾತ್ರಿ ಊಟಕ್ಕೆ ಚಪಾತಿ, ಬದನೆಕಾಯಿ ಪಲ್ಯ, ಉಪ್ಪು ಸ್ವಲ್ಪ ಹೆಚ್ಚಾಗಿದ್ದ ಕೋಸಂಬರಿ, ಮೊಸರನ್ನ. ಮೋಹನ ಎರಡನೇ ಸಲ ಮೊಸರನ್ನ ಹಾಕಿಸಿಕೊಂಡ. ದೀಪ ಆರಿಸಿ ಮೊದಲು ಮಲಗಿದ್ದು ಅವನು. ನಿದ್ದೆ ಮೊದಲು ಬಂದದ್ದು ನನಗೆ.